ನೂರೆಂಟು ನಮಸ್ಕಾರದ ಭಾನುವಾರ

ನಡೆದರೆ ವಾಸಿಯಾಗದ ಕಾಯಿಲೆ ಇಲ್ಲ ಅನ್ನೋದು ಡಾಕ್ಟರ್ ಮೀರಾಳ ವೇದವಾಕ್ಯ. ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ಎದುರಿಗೆ ಬಂದು ಕೂತವರು ಯಾರೇ ಆಗಲಿ, ಬಸ್ ಓಡಿಸುವವನಾಗಲಿ ಬ್ಯಾಂಕ್ ಮ್ಯಾನೇಜರಾಗಲಿ, ಮಾತ್ರೆಗಿಂತ ಮೊದಲು ಬೈಗುಳ ತಿಂದೇ ಹೊರಗೆ ಹೋಗಬೇಕು. ಕನ್ನಡ ಸಂಘದ ಊಟಕ್ಕೆ ಹೋದರೂ ಅಷ್ಟೆ. ಎರಡನೇ ಹೋಳಿಗೆಗೆ ಕೈ ಚಾಚುವವರು ಮೀರಾ ಎಲ್ಲಿದ್ದಾಳೆ ಅಂತ ಒಮ್ಮೆ ನೋಡಿಕೊಂಡು ಆಮೇಲೆ ಚಾಚುತ್ತಿದ್ದರು. ಧಾರವಾಡದ ಹೆಣ್ಣುಮಗಳು, ಮಾತು ಖಡಕ್ಕು. ಅವಳ ಅಪ್ಪ ಐವತ್ತೊಂದನೇ ವಯಸ್ಸಿಗೇ ಹಾರ್ಟ್ ಅಟ್ಯಾಕಿನಲ್ಲಿ ಹೋಗಿಬಿಟ್ಟಿದ್ದರು. ಆ ಹೆದರಿಕೆಯೇ ಇವಳ ಬಾಯಲ್ಲಿ ಬೈಗುಳವಾಗಿ ಬರುತ್ತಿತ್ತು. ಅದು ಗೊತ್ತಿದ್ದದ್ದು ಗಂಡನೊಬ್ಬನಿಗೆ.

ಗಂಡ ಸತ್ಯಪ್ರಕಾಶ ಬೆಂಗಳೂರಿನವನು. ಲಂಡನ್ನಿನ ಎಜ್‌ವೇರಿನ ಮನೆಯ ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಇನ್ಶೂರೆನ್ಸ್ ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ. ನಲವತ್ತಾರು ತುಂಬಿದಾಗ ತೂಕ ತೊಂಬತ್ತೆಂಟು ಕಿಲೋ, ಮೆಟ್ಟಿಲು ಹತ್ತಿದರೆ ಏದುಸಿರು, ಸಕ್ಕರೆ ಗಡಿಯ ಮೇಲೆ ಕೂತಿತ್ತು. ಮೀರಾ ಬೈದಳು, ಅತ್ತಳು, ಡಬ್ಬಿಯಲ್ಲಿದ್ದ ಕೋಡುಬಳೆಯನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. ಅವನು ನಗುತ್ತಲೇ ಇದ್ದ. ಅವನನ್ನು ಅಲ್ಲಾಡಿಸಿದ್ದು ಅಂಡಮಾನಿನ ಸಮುದ್ರ. ರಜೆಗೆ ಹೋದಾಗ ಬೆನ್ನಿಗೆ ಸಿಲಿಂಡರ್ ಕಟ್ಟಿ ಇಪ್ಪತ್ತು ನಿಮಿಷ ನೀರೊಳಗೆ ಇಳಿಸಿದ್ದರು ನೋಡಿ, ಮೇಲೆ ಬಂದವನ ಮುಖ ಬೇರೆಯೇ ಆಗಿತ್ತು. "ಒಳಗೆ ಎಷ್ಟು ನಿಶ್ಶಬ್ದ ಗೊತ್ತಾ ಮೀರಾ! ನನ್ನ ಮೈ ನನಗೇ ಭಾರ ಆಗ್ಲಿಲ್ಲ ಕಣೇ. ನಾನು ಸ್ಕೂಬಾ ಕಲೀತೀನಿ."

"ಕಲೀರಿ. ಮೊದಲ ಇಪ್ಪತ್ತು ಕಿಲೋ ಇಳಸ್ರಿ" ಅಂದಳು ಅವಳು. "ಈ ಹೊಟ್ಟಿ ಇಟ್ಕೊಂಡು ನೀರಾಗ ಇಳಿದ್ರ ಅಲ್ಲೇ ಹಾರ್ಟ್ ನಿಂತು ಹೋಗ್ತದ."

ಅದು ಸುಳ್ಳೇನಲ್ಲ. ಡೈವಿಂಗಿನಲ್ಲಿ ಸಾಯುವವರಲ್ಲಿ ಎಷ್ಟೋ ಜನರನ್ನು ಕೊಲ್ಲುವುದು ಮೀನೂ ಅಲ್ಲ ಅಲೆಯೂ ಅಲ್ಲ, ದಡದಿಂದಲೇ ಹೊತ್ತುಕೊಂಡು ಬಂದ ಕೆಟ್ಟ ಹೃದಯ. ಸತ್ಯಪ್ರಕಾಶ ಹಟಕ್ಕೆ ಬಿದ್ದ. ಹದಿನಾಲ್ಕು ತಿಂಗಳು ಬೆಳಿಗ್ಗೆ ಓಡಿದ, ಸಂಜೆ ಈಜಿದ, ಅನ್ನ ಬಿಟ್ಟ. ಎಪ್ಪತ್ತಾರಕ್ಕೆ ಇಳಿದ! ಕೋರ್ಸು ಮುಗಿಸಿದ. ಅವನ ಗುರು ಗ್ಯಾರಿ ಅನ್ನುವ ಇಂಗ್ಲಿಷಿನವನು. ನಿನ್ನ ಜೊತೆ ಇಳಿಯೋದೇ ಸಂತೋಷ, ಉಸಿರು ಎಷ್ಟು ನಿಧಾನ, ಬೇರೆಯವರ ಸಿಲಿಂಡರ್ ಖಾಲಿಯಾದರೂ ನಿನ್ನದರಲ್ಲಿ ಗಾಳಿ ಉಳಿದಿರುತ್ತೆ ಅನ್ನುತ್ತಿದ್ದ. ಮೀರಾ ಅದನ್ನು ಕೊಲಿಂಡೇಲಿನ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗಿದಳು. ಗಂಡನ ಹಳೆಯ ಫೋಟೋ ಹೊಸ ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟು ಕ್ಲಿನಿಕ್ಕಿನ ರೋಗಿಗಳಿಗೂ ತೋರಿಸಿದಳು ಅಂದಮೇಲೆ ಮುಗೀತಲ್ಲ.

ಈಗ ಆ ರಥಸಪ್ತಮಿಯ ವಿಷಯ. ಹಬ್ಬ ಬಂದದ್ದು ವಾರದ ನಡುವೆ. ಲಂಡನ್ನಿನಲ್ಲಿ ಯಾವ ಹಬ್ಬ ತಾನೇ ಅದರ ದಿನಕ್ಕೆ ನಡೆದೀತು, ಎಲ್ಲವೂ ಭಾನುವಾರಕ್ಕೇ ಬಂದು ನಿಲ್ಲಬೇಕು. ಪ್ರತಿವರ್ಷ ಕೊಲಿಂಡೇಲಿನ ಒಂದು ಶಾಲೆಯ ಹಾಲ್ ಹಿಡಿದು ಸಂಘದವರು ನೂರೆಂಟು ಸೂರ್ಯ ನಮಸ್ಕಾರ ಹಾಕುತ್ತಿದ್ದರು. ಎಕ್ಕದ ಎಲೆ ಇಲ್ಲ, ಫೆಬ್ರವರಿಯಲ್ಲಿ ಸೂರ್ಯನೂ ಇಲ್ಲ, ಆದರೂ ನಮಸ್ಕಾರ ಮಾತ್ರ ತಪ್ಪಲಿಲ್ಲ. ನಡೆಸಿಕೊಡುವವರು ಪಾರ್ಕ್ ರಾಯಲ್ಲಿನ ಗೋದಾಮಿನಲ್ಲಿ ಮ್ಯಾನೇಜರಾಗಿದ್ದ ಬಸವಂತಪ್ಪನವರು. ಅರವತ್ತೆರಡಾದರೂ ಬಿಲ್ಲಿನ ಹಾಗೆ ಬಾಗುವ ಆಸಾಮಿ. ಹಿಂದೆ ಒಂದು ವರ್ಷ ಸತ್ಯಪ್ರಕಾಶ ನಲವತ್ತೊಂದಕ್ಕೇ ಕುಸಿದು ಕೂತಿದ್ದ. "ಸತ್ಯಪ್ಪನೋರು ಉಳಿದದ್ದನ್ನ ಮುಂದಿನ ವರ್ಷಕ್ಕ ಬಾಕಿ ಇಟ್ಟಾರ" ಅಂತ ಬಸವಂತಪ್ಪನವರು ಮೈಕಿನಲ್ಲೇ ಅಂದು ಹಾಲೆಲ್ಲ ನಕ್ಕಿತ್ತು. ಹೃದಯದ ಆರೋಗ್ಯದ ಬಗ್ಗೆ ಅದೇ ಹಾಲಿನಲ್ಲಿ ಭಾಷಣ ಬಿಗಿದವಳ ಗಂಡ ಅವನು. ಮೀರಾಳ ಕಿವಿ ಸುಟ್ಟುಹೋಗಿತ್ತು.

ಈ ಸಲ ಹೆಸರು ಕೊಟ್ಟವಳು ಅವಳೇ. ಸತ್ಯಪ್ರಕಾಶ, ನೂರೆಂಟು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಬಿದ್ದ ಹೆಸರು ಅದು.

ಆದರೆ ಅದೇ ಭಾನುವಾರ ಬೆಳಿಗ್ಗೆ ಅವನಿಗೆ ಡೈವ್ ಇತ್ತು. ಲಂಡನ್ನಿನಿಂದ ಎರಡು ಗಂಟೆ ದೂರದಲ್ಲಿ ನೀರು ತುಂಬಿದ ಹಳೆಯ ಕಲ್ಲಿನ ಗಣಿ. ಆಳ, ಕೊರೆಯುವ ಚಳಿ. ಬೆಳಗಿನ ಐದಕ್ಕೇ ಹೊರಟ. ಒಂದರ ಮೇಲೊಂದು ಎರಡು ಸಲ ಇಳಿದ, ಮೂವತ್ತು ಮೀಟರ್ ಮುಟ್ಟಿಬಂದ. ಎಲ್ಲ ನಿಯಮದ ಪ್ರಕಾರವೇ. ನಿಧಾನವಾಗಿ ಹತ್ತಿದ, ನಿಲ್ಲಬೇಕಾದಲ್ಲಿ ನಿಂತ. ಹನ್ನೆರಡಕ್ಕೆ ದಡದಲ್ಲಿದ್ದ. ನೀರಿನ ಕೆಲಸ ಅಷ್ಟಕ್ಕೆ ಮುಗಿಯಿತು. ನೀರಿನ ತಪ್ಪು ಇದರಲ್ಲಿ ಒಂದೂ ಇಲ್ಲ, ಇದನ್ನು ನಾನು ಈಗಲೇ ಹೇಳಿಬಿಡುತ್ತೇನೆ.

ಒಂದು ಗಂಟೆಗೆ ಹೆದ್ದಾರಿಯ ಪೆಟ್ರೋಲ್ ಬಂಕಿನಿಂದ ಫೋನ್ ಮಾಡಿದ.

"ಮೀರಾ, ಇವತ್ತು ನಾನು ಕೂತು ನೋಡ್ತೀನಿ ಕಣೇ. ಡೈವ್ ಆದ ದಿನ ಮೈ ದಂಡಿಸೋ ವ್ಯಾಯಾಮ ಬೇಡ ಅಂತ ಗ್ಯಾರಿ ಹೇಳಿದಾನೆ. ಜಿಮ್ಮು, ಓಟ ಎಲ್ಲ ನಾಳೆಗೆ ಅಂದ."

ಮೀರಾ ಆಗ ಹಾಲಿನಲ್ಲಿ ಚಾಪೆ ಹಾಸಿಸುತ್ತಿದ್ದಳು. ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡೇ ನಕ್ಕಳು. "ಸೂರ್ಯ ನಮಸ್ಕಾರ ಜಿಮ್ಮೇನ್ರಿ? ಅದು ಪೂಜಾ. ದೇವರಿಗೆ ನಮಸ್ಕಾರ ಮಾಡ್ಲಿಕ್ಕೆ ಗ್ಯಾರಿ ಪರ್ಮಿಶನ್ ಬೇಕೇನು? ಅವಗ ರಥಸಪ್ತಮಿ ಅಂದ್ರ ಏನ್ ಗೊತ್ತದ!"

"ಹಾಗಲ್ಲ ಕಣೇ, ಸ್ವಲ್ಪ ಸುಸ್ತೂ ಆಗಿದೆ..."

"ಮಂದಿ ಎಲ್ಲಾ ಬಂದಾರ. ನಿಮ್ಮ ಹೆಸರು ಬೋರ್ಡಿನ ಮ್ಯಾಲೆ ಬರದದ. ಲಗೂ ಬರ್ರಿ."

ಅಷ್ಟೆ. ಒಂದು ನಿಮಿಷವೂ ಆಗದ ಮಾತು. ದೊಡ್ಡ ಡಾಕ್ಟರು ಅವಳು, ರಕ್ತ ನಾಳ ನರ ಎಲ್ಲ ಅರೆದು ಕುಡಿದವಳು. ಆದರೆ ವ್ಯಾಯಾಮ ಬೇಡ ಅನ್ನುವ ಮಾತು ಅವಳ ಕಿವಿಯೊಳಗೆ ಇಳಿಯಲೇ ಇಲ್ಲ. ಇಪ್ಪತ್ತು ವರ್ಷ ಎಲ್ಲರಿಗೂ ವ್ಯಾಯಾಮ ಮಾಡಿ ಅಂತಲೇ ಹೇಳಿದ ಬಾಯಿ ತಾನೇ. ಮೇಲಾಗಿ ಇದು ಪೂಜೆ.

ಮೂರಕ್ಕೆ ಶುರು. ನಲವತ್ತು ಚಾಪೆ, ಮಂತ್ರಕ್ಕೆ ಬಸವಂತಪ್ಪನವರ ಕಂಚಿನ ಕಂಠ. ಸತ್ಯಪ್ರಕಾಶ ಎರಡನೇ ಸಾಲಿನಲ್ಲಿ ನಿಂತ, ತಲೆಗೂದಲು ಇನ್ನೂ ಒದ್ದೆ. ಬಾಗು, ಕಾಲು ಹಿಂದಕ್ಕೆ ಚಾಚು, ನೆಲಕ್ಕೆ ಮೈ ಇಳಿಸು, ಎದೆ ಎತ್ತು, ಉಸಿರು ಬಿಗಿಹಿಡಿ, ಬಿಡು. ಐವತ್ತರ ಹೊತ್ತಿಗೆ ಹಾಲಿನಲ್ಲಿ ಅರ್ಧ ಜನ ಕೂತಿದ್ದರು. ಎಪ್ಪತ್ತರಲ್ಲಿ ಅವನು ತಲೆ ಎತ್ತಿ ಮೀರಾಳ ಕಡೆ ನೋಡಿದ. ಅವಳು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದಳು. ಅವನು ಮತ್ತೆ ಬಾಗಿದ. ನೂರೆಂಟು ಮುಗಿದಾಗ ಇನ್ನೂ ನಿಂತಿದ್ದವರು ಒಂಬತ್ತು ಜನ, ಅವರಲ್ಲಿ ಇವನೊಬ್ಬ. ಬಸವಂತಪ್ಪನವರು ಬಂದು ತಬ್ಬಿಕೊಂಡು "ಭಲೇ ಸತ್ಯಪ್ಪ!" ಅಂದರು. ಮೀರಾಳ ಕಣ್ಣು ತುಂಬಿತು. ಇಷ್ಟು ಖುಷಿ ಅವಳಿಗೆ ಆಮೇಲೆ ಆಗಲೇ ಇಲ್ಲ.

ಹುಗ್ಗಿಯ ತಟ್ಟೆ ಹಿಡಿದವನು ಅರ್ಧಕ್ಕೇ ಕೆಳಗಿಟ್ಟ. ಭುಜ ಒಳಗಿನಿಂದ ನೋಯುತ್ತಿದೆ ಅಂದ. ಕಾರಿನಲ್ಲಿ ಸೊಂಟದ ಸುತ್ತ ಬೆಲ್ಟ್ ಬಿಗಿದ ಹಾಗಿದೆ ಅಂದ.

"ನೂರೆಂಟು ಹಾಕಿ ಮೈ ನೋಯಲಿಲ್ಲ ಅಂದ್ರ ಆಶ್ಚರ್ಯ. ಸ್ನಾಯು ಅದು. ನಾಳೆ ಇನ್ನೂ ನೋಯ್ತದ, ತಯಾರಿರ್ರಿ."

ಐದು ಗಂಟೆಗೆ ಮನೆ. ಪಾದದಲ್ಲಿ ಜುಮ್ಮು ಹಿಡಿದಿದೆ ಅಂದ. ಮೀರಾ ಎರಡು ಪ್ಯಾರಾಸಿಟಮಾಲ್ ಕೊಟ್ಟಳು, ಬಿಸಿನೀರಿನ ಚೀಲ ಕೊಟ್ಟಳು, ಮಲಕ್ಕೋರಿ ಅಂದಳು. ಡಾಕ್ಟರ ಮನೆಯಲ್ಲಿ ಇರುವ ಕಾಯಿಲೆಯವರ ಹಣೆಬರಹವೇ ಇಷ್ಟು. ಹೊರಗಿನವರು ಬಂದರೆ ಹದಿನೈದು ನಿಮಿಷ ಕೇಳುತ್ತಾರೆ, ಒತ್ತಿ ನೋಡುತ್ತಾರೆ, ಮಂಡಿಗೆ ಸುತ್ತಿಗೆಯಲ್ಲಿ ತಟ್ಟುತ್ತಾರೆ. ಮನೆಯವರಿಗೆ ಬಾಗಿಲಲ್ಲಿ ನಿಂತೇ ಒಂದು ಮಾತ್ರೆ. ಮೀರಾ ಕೆಳಗೆ ಬಂದು ಸೋಫಾದಲ್ಲಿ ಕೂತು, ಗುಂಪಿಗೆ ಬಂದ ಅಭಿನಂದನೆಗಳಿಗೆ ಒಂದೊಂದಾಗಿ ಕೈಮುಗಿದ ಚಿತ್ರ ಕಳಿಸಿದಳು.

ಏಳಕ್ಕೆ ಮೇಲಿನಿಂದ ಕೂಗಿದ. ಅರ್ಧ ಗಂಟೆಯಿಂದ ಬಚ್ಚಲಲ್ಲಿ ಕೂತಿದ್ದನಂತೆ, ಮೂತ್ರ ಬರುತ್ತಿಲ್ಲ. ಇವಳು ಮೆಟ್ಟಿಲು ಹತ್ತುವಷ್ಟರಲ್ಲಿ ಎದ್ದು ನಿಲ್ಲಲು ಹೋಗಿ ಬಿದ್ದ ಸದ್ದು ಕೇಳಿಸಿತು.

ಆಗ ಮೀರಾಳೊಳಗಿನ ಡಾಕ್ಟರು ಎಚ್ಚೆತ್ತಳು. ಸೊಂಟದ ಬಿಗಿ, ಪಾದದ ಜುಮ್ಮು, ಕಟ್ಟಿದ ಮೂತ್ರ. ಮೂರನೇ ವರ್ಷದ ಎಂಬಿಬಿಎಸ್ ಹುಡುಗಿಯೂ ಹೇಳುತ್ತಾಳೆ, ಇದು ಬೆನ್ನುಹುರಿ ಅಂತ. ಅವನ ಅಂಗಾಲಿಗೆ ಕೀಲಿಕೈಯಿಂದ ಗೀರಿದಳು. "ಗೊತ್ತಾಗ್ತದೇನ್ರಿ?" ಅವನು ಚಾವಣಿ ನೋಡುತ್ತಾ "ಏನು ಮಾಡ್ತಿದೀಯ?" ಅಂದ.

ಹದಿನಾರರ ಮಗಳು ಧೃತಿ ಆಂಬುಲೆನ್ಸಿಗೆ ಫೋನ್ ಹಚ್ಚಿದಳು, ಇವಳು ಗ್ಯಾರಿಗೆ. ಗ್ಯಾರಿಯ ದನಿ ಬದಲಾಯಿತು. ಮೊದಲು ಯಾವಾಗ ಶುರುವಾಯಿತು ಅಂತ ಕೇಳಿದ. ನಾಲ್ಕೂವರೆಗೆ ಅಂದಳು. "ಮತ್ತೆ ಈಗ ಏಳೂ ಕಾಲು" ಅಂದ ಅವನು ಇಂಗ್ಲಿಷಿನಲ್ಲಿ, ಸಿಟ್ಟಿಲ್ಲದೆ. ಆಂಬುಲೆನ್ಸ್ ಬರಲು ಇನ್ನೂ ಒಂದು ಗಂಟೆ. ಅಲ್ಲಿಂದ ಎಮರ್ಜೆನ್ಸಿ, ಅಲ್ಲಿ ಸ್ಕ್ಯಾನು, ಅಲ್ಲಿಂದ ಮತ್ತೊಂದು ಆಂಬುಲೆನ್ಸು. ಕೊನೆಗೆ ಚೇಂಬರ್ ಅನ್ನುವ ಆ ಕಬ್ಬಿಣದ ಕೋಣೆ, ಒಳಗೆ ಗಾಳಿಯ ಒತ್ತಡ ಏರಿಸಿ ಮೈಯನ್ನು ಮತ್ತೆ ನೀರಿನ ಆಳಕ್ಕೆ ಇಳಿಸಿದ ಹಾಗೆ ಮಾಡುವ ಜಾಗ. ಅದರ ಬಾಗಿಲು ಮುಚ್ಚುವ ಹೊತ್ತಿಗೆ ಅವನು ನೀರಿನಿಂದ ಮೇಲೆ ಬಂದು ಹನ್ನೊಂದು ಗಂಟೆ ಕಳೆದಿತ್ತು.

ಒಳಗೆ ಬಿಡುವ ಮೊದಲು ಚೇಂಬರಿನ ಡಾಕ್ಟರು, ನರೆಗೂದಲಿನ ಸ್ಕಾಟಿಷ್ ಹೆಂಗಸು, ಪಟ್ಟಿ ಹಿಡಿದು ಒಂದೊಂದೇ ಕೇಳಿದಳು. ಎಷ್ಟು ಆಳ? ಎಷ್ಟು ಹೊತ್ತು? ನೀರು ಕುಡಿದಿದ್ದರಾ? ಡೈವ್ ಆದಮೇಲೆ ಮೈ ದಂಡಿಸುವ ಕೆಲಸ ಏನಾದರೂ? ಜಿಮ್, ಓಟ, ಭಾರ ಎತ್ತಿದ್ದು?

ಸತ್ಯಪ್ರಕಾಶನ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಉತ್ತರ ಕೊಟ್ಟವಳು ಮೀರಾ.

"ಇಲ್ಲ" ಅಂದಳು. "ಒಂದು ಪೂಜೆ ಇತ್ತು, ಅಷ್ಟೆ."

ಯಾಕೆ ಹಾಗಂದೆ ಅಂತ ಆಮೇಲೆ ಸಾವಿರ ಸಲ ಕೇಳಿಕೊಂಡಳು. ರೋಗಿಗಳು ಸುಳ್ಳು ಹೇಳಿದರೆ ಉಗಿದು ಉಪ್ಪು ಹಾಕುತ್ತಿದ್ದವಳು. ನಾಲಗೆ ತಾನಾಗೇ ಹೊರಳಿತ್ತು. ಆ ಡಾಕ್ಟರು ಇಲ್ಲ ಅಂತ ಬರೆದುಕೊಂಡಳು. ಮಾಸ್ಕಿನ ಮೇಲಿನಿಂದ ಸತ್ಯಪ್ರಕಾಶ ಹೆಂಡತಿಯನ್ನು ನೋಡಿದ.

ಹನ್ನೊಂದು ಸಲ ಆ ಕೋಣೆಗೆ ಹೋಗಿಬಂದ. ಮೂರನೇ ಸಲ ಎಡತೊಡೆಯಲ್ಲಿ ಒಂದಿಷ್ಟು ಸ್ಪರ್ಶ ಬಂತು. ಐದನೇ ಸಲ ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಧೃತಿ ಕುಣಿದಾಡಿ ಅದನ್ನು ವಿಡಿಯೋ ಮಾಡಿದಳು. ಮೀರಾ ದೇವರ ಮುಂದೆ ಕಂಡಕಂಡ ಹರಕೆ ಹೊತ್ತಳು. ಆರರಿಂದ ಹನ್ನೊಂದರವರೆಗೆ ಏನೂ ಬದಲಾಗಲಿಲ್ಲ. ಬದಲಾಗದಿದ್ದರೆ ನಿಲ್ಲಿಸುವುದೇ ನಿಯಮ, ನಿಲ್ಲಿಸಿದರು.

ಸಂಘದವರು ಸಾಲುಗಟ್ಟಿ ಬಂದರು, ಡಬ್ಬಿಗಟ್ಟಲೆ ಸಾರು ಪಲ್ಯ ತಂದರು. ಎಲ್ಲರ ಬಾಯಲ್ಲೂ ಒಂದೇ ಮಾತು. "ಅಷ್ಟು ಫಿಟ್ ಆಗಿದ್ದ ಮನುಷ್ಯ! ಬೆಳಿಗ್ಗೆ ನೀರಿಗೆ ಇಳಿದು ಬಂದ್ರೂ ಮಧ್ಯಾಹ್ನ ನೂರೆಂಟು ಹಾಕಿದ್ದ ನೋಡಿ! ಆ ಹಾಳು ನೀರಿಗೆ ಯಾಕಾದರೂ ಹೋದನೋ." ಬಸವಂತಪ್ಪನವರು ಕಣ್ಣೊರೆಸಿಕೊಂಡು, ಆ ನಮಸ್ಕಾರದ ಪುಣ್ಯದಿಂದಲೇ ಜೀವ ಉಳಿದದ್ದು ತಂಗಿ ಅಂದರು. ಮೀರಾ ತಲೆಯಾಡಿಸಿದಳು. ಹೌದು, ನೀರು. ನೀರೇ. ಅಪ್ಪನ ಡೈವಿಂಗಿನ ಸೂಟು, ಕಾಲಿಗೆ ಕಟ್ಟುವ ರೆಕ್ಕೆ, ಕನ್ನಡಕ ಎಲ್ಲವನ್ನೂ ಧೃತಿ ಕಪ್ಪು ಚೀಲಕ್ಕೆ ತುಂಬಿ, ಆ ಗಣಿಯನ್ನು ಇಂಗ್ಲಿಷಿನಲ್ಲಿ ಶಪಿಸುತ್ತಾ ಕೌನ್ಸಿಲ್ಲಿನ ಕಸದ ಜಾಗಕ್ಕೆ ಒಯ್ಯಲು ಹೊರಟಾಗಲೂ ಮೀರಾ ಬೇಡ ಅನ್ನಲಿಲ್ಲ. ಅವಳೇ ಕಾರು ಓಡಿಸಿದಳು.

ಮೇ ತಿಂಗಳಲ್ಲಿ ಕೊನೆಯ ತಪಾಸಣೆ. ಗಾಲಿಕುರ್ಚಿಯಲ್ಲಿ ಸತ್ಯಪ್ರಕಾಶ, ಪಕ್ಕದಲ್ಲಿ ಮೀರಾ, ಎದುರಿಗೆ ಅದೇ ನರೆಗೂದಲಿನ ಡಾಕ್ಟರು. ಕಾಲು ಇನ್ನು ಇಷ್ಟೇ ಅಂದಳು. ಮೂತ್ರಕ್ಕೆ ಕೊಳವೆ ಜೀವನಪೂರ್ತಿ ಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಹೃದಯದ ಚಿತ್ರ ತೋರಿಸಿದಳು. ಎರಡು ಕೋಣೆಗಳ ನಡುವೆ ಸಣ್ಣ ಕಿಂಡಿ. ನಾಲ್ಕು ಜನರಲ್ಲಿ ಒಬ್ಬರಿಗೆ ಇರುತ್ತದೆ, ಅವರಿಗೆ ಗೊತ್ತೂ ಇರುವುದಿಲ್ಲ.

"ಆಳದಲ್ಲಿ ಮೈಗೆ ಸೇರಿದ ಗಾಳಿ ಮೇಲೆ ಬಂದಮೇಲೆ ಸಣ್ಣ ಗುಳ್ಳೆಗಳಾಗಿ ರಕ್ತದಲ್ಲಿ ಬರುತ್ತದೆ. ಸುಮ್ಮನಿದ್ದರೆ ಶ್ವಾಸಕೋಶವೇ ಅದನ್ನು ಸೋಸಿ ಹಾಕುತ್ತದೆ. ಉಸಿರು ಬಿಗಿಹಿಡಿದು ಮೈ ದಂಡಿಸಿದರೆ ಗುಳ್ಳೆಗಳೂ ಹೆಚ್ಚು, ಆ ಕಿಂಡಿಯೂ ತೆರೆದುಕೊಳ್ಳುತ್ತದೆ. ಸೋಡಾ ಬಾಟಲಿ ಅಲ್ಲಾಡಿಸಿ ಮುಚ್ಚಳ ತೆಗೆದ ಹಾಗೆ. ಆದರೆ ನೀವು ಅವತ್ತು ಮಧ್ಯಾಹ್ನ ವಿಶ್ರಾಂತಿಯಲ್ಲಿದ್ದಿರಿ" ಅಂತ ಕಾಗದ ತಿರುವಿದಳು. "ಇಷ್ಟು ಆರೋಗ್ಯವಂತ ಮನುಷ್ಯ, ಇಷ್ಟು ಸರಿಯಾದ ಡೈವ್. ಹೀಗೆ ಯಾಕಾಯಿತು ಅಂತ ನನಗೆ ಅರ್ಥವೇ ಆಗುತ್ತಿಲ್ಲ."

ಮೀರಾ ಮೂರು ತಿಂಗಳು ಒಳಗೇ ಕೊಳೆಸಿಟ್ಟದ್ದು ಒಂದೇ ಸಲಕ್ಕೆ ಹೊರಗೆ ಬಂತು. ನೂರೆಂಟು ಸಲ, ಅಂದಳು. ಬಾಗಿ, ಮೈ ನೆಲಕ್ಕಿಳಿಸಿ, ಉಸಿರು ಹಿಡಿದು, ಒಂದು ಗಂಟೆಗೂ ಮೇಲೆ. ಬೇಡ ಅಂದವರನ್ನು ನಾನೇ ಕರೆಸಿದೆ. ನೋವು ಅಂದಾಗ ಮಾತ್ರೆ ಕೊಟ್ಟು ಮಲಗಿಸಿದೆ. ನಿಮ್ಮ ಹತ್ತಿರ ಸುಳ್ಳು ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟಳು. "ಅವತ್ತು ಗೊತ್ತಿದ್ದರೂ ಚಿಕಿತ್ಸೆ ಇದೇ ಆಗುತ್ತಿತ್ತು" ಅಂದಳು. ಮೀರಾ ತಲೆ ಎತ್ತಿದಳು. "ಬೇಗ ಬಂದಿದ್ದರೆ ಮಾತ್ರ ಬೇರೆಯಾಗುತ್ತಿತ್ತೇನೋ" ಅಂತ ಮೆಲ್ಲಗೆ ಸೇರಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡುವುದು ಆ ಡಾಕ್ಟರಿಗೆ ಬೇಡವಾಗಿತ್ತು ಅನ್ನಿಸುತ್ತೆ. ಬೈದಿದ್ದರೆ ಮೀರಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಮನೆಗೆ ಬಂದರು. ಸತ್ಯಪ್ರಕಾಶನ ಮಂಚ ಈಗ ಮುಂದಿನ ಕೋಣೆಯಲ್ಲೇ ಇತ್ತು. ಮೀರಾ ಅವನನ್ನು ಗಾಲಿಕುರ್ಚಿಯಿಂದ ಹಲಗೆಯ ಮೇಲೆ ಮಂಚಕ್ಕೆ ಜಾರಿಸಿದಳು, ಮಂಡಿ ಮಡಿಸಿ ಬಿಚ್ಚಿದಳು, ಕಾಲಿನ ಕೆಳಗೆ ದಿಂಬಿಟ್ಟಳು. ಹೊರಗೆ ಒಳ್ಳೆಯ ಬಿಸಿಲಿತ್ತು, ಪಕ್ಕದ ಮನೆಯ ಮಕ್ಕಳು ಗಲಾಟೆ ಮಾಡುತ್ತಿದ್ದವು. ಅವಳು ಮಂಚದ ಅಂಚಿನಲ್ಲಿ ಕೂತು, ಅವನ ಮುಖ ನೋಡಲಾರದೆ ಗೋಡೆ ನೋಡುತ್ತಾ ಹೇಳಿದಳು.

"ನಾನೇ ನಿಮ್ಮ ಕಾಲು ತಗದೆ. ಬೈರಿ ನನಗ. ಒಂದ್ಸಲನರ ಬೈರಿ."

"ನನಗೆ ಗೊತ್ತಿತ್ತು ಮೀರಾ."

"ಏನು?"

"ಅದು ಮಾಡಬಾರದು ಅಂತ. ಗ್ಯಾರಿ ಹೇಳಿದ್ದೊಂದೇ ಅಲ್ಲ. ಕೋರ್ಸಿನ ಪುಸ್ತಕದಲ್ಲಿತ್ತು, ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು. ಸರಿಯಾಗೇ ಬರೆದಿದ್ದೆ."

ಅವಳು ತಿರುಗಿ ನೋಡಿದಳು. "ಮತ್ತ ಯಾಕ ಮಾಡಿದ್ರಿ? ಕೂತು ಬಿಡಬೇಕಿತ್ತು! ನಾ ಏನ್ ನಿಮ್ಮನ್ನ ಕೊಲ್ತಿದ್ನೇನು? ಎರಡು ಮಾತು ಬೈತಿದ್ದೆ, ಅಷ್ಟ!"

"ನೀನು ಬೈಯೋ ಹಾಗಿದ್ರೆ ಕೂತೇಬಿಡ್ತಿದ್ದೆ ಕಣೇ" ಅಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. "ಬೈಗುಳ ನನಗೆ ಅಭ್ಯಾಸ ಆಗಿಹೋಗಿತ್ತು. ಆದ್ರೆ ನಿನಗೆ ನಿಜವಾಗ್ಲೂ ಬೇಜಾರಾದ್ರೆ ನೀನು ಬೈಯಲ್ಲ. ಸುಮ್ಮನಾಗಿಬಿಡ್ತೀಯ. ಮನೇಲಿ ಓಡಾಡ್ತೀಯ, ಊಟ ಬಡಿಸ್ತೀಯ, ಆದ್ರೆ ನಾನು ಇಲ್ಲವೇ ಇಲ್ಲ ಅನ್ನೋ ಹಾಗೆ. ಎಪ್ಪತ್ತು ಆದಾಗ ಭುಜ ಕಿತ್ತುಬರ್ತಾ ಇತ್ತು. ನಿನ್ನ ಕಡೆ ನೋಡಿದೆ. ಆ ಮೌನಕ್ಕಿಂತ ಇನ್ನು ಮೂವತ್ತೆಂಟು ನಮಸ್ಕಾರ ಸುಲಭ ಅನ್ನಿಸ್ತು."

ಮೀರಾ ಬಾಯಿ ತೆರೆದಳು. ಎಷ್ಟೋ ಇತ್ತು ಹೇಳಲಿಕ್ಕೆ. ಇಪ್ಪತ್ತು ವರ್ಷದ್ದಿತ್ತು. ಅವನು ಅವಳ ಕೈಗಾಗಿ ಹೊದಿಕೆಯ ಮೇಲೆ ತಡಕಾಡಿದ.

"ಏನಾದ್ರೂ ಮಾತಾಡೇ" ಅಂದ.

ಅವಳಿಗೆ ಒಂದು ಮಾತೂ ಹೊರಡಲಿಲ್ಲ.